ಅಮ್ಮಮ್ಮ ಹುಟ್ಟಿದ ವರ್ಷ

ಉತ್ತರಕ್ರಿಯೆಯ ಕಾರ್ಡ್ ಅಚ್ಚು ಹಾಕಿಸಲು ಹೋದಾಗ ಪ್ರೆಸ್ಸಿನವರು ಮೊದಲು ಕೇಳಿದ್ದೇ, "ಅಜ್ಜಿಗೆ ಎಷ್ಟು ವರ್ಷ ಆಗಿತ್ತು ಮೇಡಂ?" ನನ್ನ ಕೈಯಲ್ಲಿ ಅಮ್ಮಮ್ಮನ ಆಧಾರ್ ಕಾರ್ಡಿನ ಜೆರಾಕ್ಸ್ ಇತ್ತು. ಹುಟ್ಟಿದ ದಿನ 01-01-1950 ಅಂತ ಇತ್ತು. 74 ಅಂದೆ. ಅವರು ಬರೆದುಕೊಂಡರು.

ಸಂಜೆ ಪ್ರೂಫ್ ತಂದು ತೋರಿಸಿದೆ. ಅಮ್ಮ ಕಾಗದ ಹಿಡಿದುಕೊಂಡು ತುಂಬ ಹೊತ್ತು ಸುಮ್ಮನೆ ಕೂತರು. ಆಮೇಲೆ ಕೇಳಿದರು, "ದೊಡ್ಡಣ್ಣ ಹುಟ್ಟಿದ್ದು 1961ರಲ್ಲಿ. ಹಾಗಾದ್ರೆ ಅಮ್ಮ 11 ವರ್ಷಕ್ಕೇ ಹೆತ್ತಳಾ?"

ಅದು 2024ರ ಜೂನ್. ಚಿಕ್ಕಮಗಳೂರಿನಲ್ಲಿ ಮಳೆ ಹಿಡಿದು ವಾರ ಆಗಿತ್ತು. ಅಮ್ಮಮ್ಮ ನಮ್ಮ ಮನೆಯಲ್ಲೇ, ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಕಾರ್ಡಿನಲ್ಲಿ ವಯಸ್ಸು ಬೇಡ ಅಂತ ತೆಗೆಸಿದೆವು. ಆದರೆ ಮರಣ ನೋಂದಣಿಗೆ ವಯಸ್ಸು ಬೇಕೇ ಬೇಕು. ಅದನ್ನು 21 ದಿನದ ಒಳಗೆ ಮಾಡಿಸಬೇಕು. ಕೊಡಲು ನಮ್ಮ ಹತ್ತಿರ ಇದ್ದ ದಾಖಲೆ ಒಂದೇ. ಹಾಗಾಗಿ ಪ್ರಮಾಣಪತ್ರದಲ್ಲಿ 74 ಅಂತಲೇ ಬಂತು. ಇದರಲ್ಲಿ ಯಾರದೂ ತಪ್ಪಿಲ್ಲ. ಆಧಾರ್ ಮಾಡಿಸಿದ ದಿನ ಅಮ್ಮಮ್ಮನಿಗೇ ಹುಟ್ಟಿದ ವರ್ಷ ಗೊತ್ತಿರಲಿಲ್ಲ. ಜೊತೆಗೆ ಹೋಗಿದ್ದ ಮಾವ ಅಂದಾಜಿಗೆ ಒಂದು ವರ್ಷ ಹೇಳಿದ್ದರು.

ನಾನು ಇಲ್ಲಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ, ಅಂದರೆ ಕಾಫಿ ಬೀಜ ಹದ ಮಾಡುವ ಕಾರ್ಖಾನೆಯಲ್ಲಿ, ಲೆಕ್ಕ ಬರೆಯುತ್ತೇನೆ. ಬಂದ ಮೂಟೆ ಎಷ್ಟು, ಹೋದ ಮೂಟೆ ಎಷ್ಟು, ತಾಳೆ ಆಯಿತಾ ಅಂತ ನೋಡುವುದೇ ದಿನವಿಡೀ ಕೆಲಸ. ಅಮ್ಮಮ್ಮನ ಬದುಕಿನ ಎಷ್ಟೋ ವರ್ಷ ಯಾವ ಕಾಗದದಲ್ಲೂ ಇಲ್ಲ ಅನ್ನುವುದು ನನ್ನನ್ನು ಕೊರೆಯತೊಡಗಿತು. ವರ್ಷದ ಕಾರ್ಯ ಬರುವುದರೊಳಗೆ ಅವರ ಬದುಕನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಮುಗಿಸಬೇಕು, ಹುಟ್ಟಿದ ವರ್ಷದ ಸಮೇತ, ಅಂತ ನಿಶ್ಚಯ ಮಾಡಿದೆ. ಅದನ್ನು ಹೇಗೆ ಮಾಡಿದೆ ಅನ್ನುವುದನ್ನು ಇಲ್ಲಿ ಹೇಳುತ್ತೇನೆ. ಮನೆಯಲ್ಲಿ ವಯಸ್ಸಾದವರು ಇರುವವರು ಯಾರಾದರೂ ಓದಿದರೆ ಇವತ್ತೇ ಶುರು ಮಾಡಲಿ ಅನ್ನುವ ಆಸೆ.

ಅಮ್ಮಮ್ಮನ ಊರು ಮರವಂತೆಯ ಹತ್ತಿರದ, ಮೀನುಗಾರ ಮೊಗವೀರರ ಒಂದು ಕೇರಿ. ಹೋದವರಿಗೆ ಗೊತ್ತು, ಅಲ್ಲಿ ಹೆದ್ದಾರಿಯ ಒಂದು ಪಕ್ಕಕ್ಕೆ ಕಡಲು, ಇನ್ನೊಂದು ಪಕ್ಕಕ್ಕೆ ಸೌಪರ್ಣಿಕೆ ಹೊಳೆ. ಬಸ್ಸಿನ ಎರಡೂ ಕಿಟಕಿಯಲ್ಲಿ ನೀರೇ ಕಾಣುತ್ತದೆ. ಅಜ್ಜ ರಂಪಣಿ ಬಲೆ ಎಳೆಯುತ್ತಿದ್ದರು. ಅಮ್ಮಮ್ಮ ತಲೆ ಮೇಲೆ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದರು. ನನ್ನ ಅಮ್ಮ ಮದುವೆಯಾಗಿ ಘಟ್ಟ ಹತ್ತಿದ್ದು 1987ರಲ್ಲಿ. ಅಪ್ಪ ಆಗ ಆಲ್ದೂರಿನ ಕಡೆ ಒಂದು ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು. ಅಮ್ಮಮ್ಮ ನಮ್ಮ ಜೊತೆ ಇರಲು ಬಂದದ್ದು 2017ರ ಡಿಸೆಂಬರಿನಲ್ಲಿ, ಮೊಣಕಾಲು ಪೂರ್ತಿ ಸೋತ ಮೇಲೆ.

ಮೊದಲ ರಾತ್ರಿ ಅಮ್ಮನ ಎದುರು ನೋಟ್‌ಬುಕ್ ಇಟ್ಟುಕೊಂಡು ಕೂತೆ. "ಅಮ್ಮಮ್ಮ ಹೇಗಿದ್ರು, ಹೇಳು" ಅಂದೆ.

"ಹೇಗಿದ್ಳು ಅಂದ್ರೆ? ಒಳ್ಳೆಯವಳು. ತುಂಬ ಕಷ್ಟಪಟ್ಟಳು."

ಮುಂದೆ ಮಾತಿಲ್ಲ. ಅಮ್ಮನ ಕಣ್ಣು ತುಂಬಿತು. ನಾನು ಪುಸ್ತಕ ಮುಚ್ಚಿದೆ. ಮರುದಿನವೂ ಹಾಗೇ ಆಯಿತು. ಮುಂಬೈಯಲ್ಲಿರುವ ಚಿಕ್ಕ ಮಾವನಿಗೆ ಫೋನ್ ಮಾಡಿದೆ, ಊರಲ್ಲಿರುವ ದೊಡ್ಡ ಮಾವನಿಗೂ ಮಾಡಿದೆ. ಎಲ್ಲರದೂ ಅದೇ ಎರಡು ಮಾತು. ಎಲ್ಲರ ಅಜ್ಜಿಯೂ ಒಳ್ಳೆಯವರೇ, ಎಲ್ಲರ ಅಜ್ಜಿಯೂ ಕಷ್ಟಪಟ್ಟವರೇ ಅಲ್ವಾ? ಆ ಮಾತಿನೊಳಗೆ ನಮ್ಮ ಅಮ್ಮಮ್ಮ ಎಲ್ಲೂ ಕಾಣಲಿಲ್ಲ. ಎರಡು ತಿಂಗಳು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ನಿಂತುಬಿಟ್ಟೆ.

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಂತ್ರದ ಬೋಟು ಕಡಲಿಗೆ ಇಳಿಸಲು ನಿಷೇಧ ಇರುತ್ತದೆ. ಆಗಸ್ಟಿನಲ್ಲಿ ಕಡಲು ತೆರೆದು, ಹೊಸ ಮೀನು ಘಟ್ಟ ಹತ್ತಿ ನಮ್ಮ ಬೀದಿಗೂ ಬಂತು. ಅಮ್ಮ ಬಂಗುಡೆ ತೆಗೆದುಕೊಂಡರು. ಅಡುಗೆಮನೆಯಲ್ಲಿ ಕೂತು ಸ್ವಚ್ಛ ಮಾಡುತ್ತಿದ್ದಾಗ ನಾನು ಸುಮ್ನೆ ಕೇಳಿದೆ, "ಅಮ್ಮಮ್ಮ ಮೀನು ಹೀಗೇ ಕೊಯ್ತಿದ್ರಾ?"

ಅಮ್ಮ ನಕ್ಕರು. "ಇಲ್ಲಪ್ಪ. ಅವಳಿಗೆ ಚಾಕು ಆಗ್ತಿರಲಿಲ್ಲ. ಮೆಟ್ಟುಕತ್ತಿ. ಬಲಗಾಲಲ್ಲಿ ಒತ್ತಿ ಹಿಡಿದು ಕೂರೋಳು. ಕೈಗೆ ಬೂದಿ ಮುಟ್ಟಿಸಿಕೊಳ್ಳೋಳು, ಮೀನು ಜಾರಬಾರದು ಅಂತ. ಕಿವಿರು ತೆಗೆಯುವಾಗ ಹೆಬ್ಬೆರಳು ಹೀಗೆ ಒಳಗೆ ಹಾಕಿ ಒಂದೇ ಸಲ ತಿರುವೋಳು. ಕಾಗೆಗೆ ಅಂತ ಒಂದು ತಲೆ ಮೊದಲೇ ಎತ್ತಿ ಇಡೋಳು..."

ಒಂದು ಗಂಟೆ ಮಾತಾಡಿದರು. ಮೀನು ಮುಗಿಯಿತು, ಸಾರು ಕುದಿಯಿತು, ಮಾತು ನಿಲ್ಲಲಿಲ್ಲ. ಅವತ್ತು ನನಗೆ ದಾರಿ ಸಿಕ್ಕಿತು. ಆಮೇಲೆ ಯಾರನ್ನೂ ಕೂರಿಸಿ ಕೇಳಲಿಲ್ಲ. ಕೈಗೆ ಕೆಲಸ ಇರುವಾಗ ಮಾತ್ರ ಕೇಳಿದೆ. ಕೆಲಸದ ಬಗ್ಗೆ ಮಾತ್ರ ಕೇಳಿದೆ. ಎದ್ದ ಕೂಡಲೇ ಯಾವ ಬಾಗಿಲು ತೆಗೆಯುತ್ತಿದ್ದರು? ಬುಟ್ಟಿ ಎಲ್ಲಿ ಬೋರಲು ಹಾಕುತ್ತಿದ್ದರು? ದುಡ್ಡು ಎಲ್ಲಿ ಇಡುತ್ತಿದ್ದರು? ಬಾಕಿ ಹೇಗೆ ನೆನಪಿಡುತ್ತಿದ್ದರು?

ಈ ಕೊನೆಯ ಪ್ರಶ್ನೆಗೆ ಬಂದ ಉತ್ತರ ನನ್ನ ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ಆಗಿದೆ.

ಅಮ್ಮಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಹಿತ್ತಲ ಬಾಗಿಲ ಹಿಂದಿನ ಗೋಡೆಯೇ ಅವರ ಲೆಕ್ಕದ ಪುಸ್ತಕ. ಪ್ರತಿ ಗಿರಾಕಿ ಮನೆಗೂ ಒಂದು ಗುರುತು. ಬಾವಿ ಎದುರಿಗೇ ಇದ್ದ ಮನೆಗೆ ಒಂದು ಸೊನ್ನೆ. ಎರಡು ತೆಂಗಿನ ಮರದ ನಡುವೆ ಇದ್ದ ಮನೆಗೆ ಎರಡು ಉದ್ದ ಗೆರೆ. ನಾಯಿ ಇದ್ದ ಮನೆಗೆ ನಾಲ್ಕು ಕಾಲಿನ ಒಂದು ಚಿತ್ರ. ಅದರ ಪಕ್ಕದಲ್ಲಿ ಇದ್ದಿಲಿನಿಂದ ಗೀಟು. ಒಂದು ಗೀಟು ಅಂದರೆ ಒಂದು ಸಲದ ಮೀನು. ಕೊಯ್ಲು ಮುಗಿದ ಮೇಲೆ ಗದ್ದೆ ಇದ್ದವರು ಬಾಕಿಯನ್ನು ಅಕ್ಕಿಯಲ್ಲಿ ತೀರಿಸುತ್ತಿದ್ದರು. ಅಕ್ಕಿ ಮನೆಗೆ ಬಂದ ದಿನ ಬೆರಳು ಒದ್ದೆ ಮಾಡಿ ಆ ಗೀಟುಗಳನ್ನು ಒರೆಸಿಬಿಡುವುದು.

ದೊಡ್ಡ ಮಾವನ ಮದುವೆಗೆ ಮನೆಗೆ ಸುಣ್ಣ ಹೊಡೆಸಿದರು. ಹೊಡೆಯುವವರಿಗೆ ಇದು ಲೆಕ್ಕ ಅಂತ ಏನು ಗೊತ್ತು? ಗೋಡೆ ಬೆಳ್ಳಗಾಯಿತು. ಅಮ್ಮಮ್ಮ ಮಧ್ಯಾಹ್ನ ಬುಟ್ಟಿ ಇಳಿಸಿ ನೋಡಿದರಂತೆ. ಬೈಯಲಿಲ್ಲ, ಅಳಲಿಲ್ಲ. ಸುಣ್ಣ ಒಣಗುವವರೆಗೆ ಕಾದರು. ಮರುದಿನ ಒಲೆಯಿಂದ ಇದ್ದಿಲು ತಂದು, ಇಡೀ ಲೆಕ್ಕವನ್ನು ನೆನಪಿನಿಂದ ಮತ್ತೆ ಬರೆದರು. ಆ ವರ್ಷ ಒಂದು ಮನೆಯವರೂ ತಕರಾರು ತೆಗೆಯಲಿಲ್ಲ. ನನಗೆ ಇದನ್ನು ಹೇಳುವಾಗ ಅಮ್ಮ ನನ್ನ ನೋಟ್‌ಬುಕ್ ಇಸಿದುಕೊಂಡು, ನೆನಪಿದ್ದ 11 ಗುರುತನ್ನು ಅವರೇ ಬರೆದು ಕೊಟ್ಟರು.

ಈಗ ಆಫೀಸಿನಲ್ಲಿ ಕಂಪ್ಯೂಟರ್ ತೆರೆದು ಕೂತಾಗಲೆಲ್ಲ ನನಗೆ ಆ ಗೋಡೆ ನೆನಪಾಗುತ್ತದೆ. ನಾನು ಲೆಕ್ಕ ಕಲಿತದ್ದು ಕಾಲೇಜಿನಲ್ಲಿ ಅಂದುಕೊಂಡಿದ್ದೆ.

ಸೆಪ್ಟೆಂಬರಿನಲ್ಲಿ ಅಮ್ಮಮ್ಮನ ತಗಡಿನ ಟ್ರಂಕ್ ತೆಗೆದೆವು. ಅಮ್ಮನಿಗೆ ಅಲ್ಲಿಯವರೆಗೆ ಧೈರ್ಯ ಬಂದಿರಲಿಲ್ಲ. ಒಳಗೆ ನಾಲ್ಕು ನೂಲಿನ ಸೀರೆ, ಅಜ್ಜನ ಒಂದು ಫೋಟೋ, ಔಷಧಿ ಚೀಟಿಗಳು. ತಳದಲ್ಲಿ ಹಳೇ ಸೀರೆ ಸುತ್ತಿ ಮಾಡಿದ ಒಂದು ಸಿಂಬಿ. ಬುಟ್ಟಿ ಕೂರಲು ತಲೆ ಮೇಲೆ ಇಟ್ಟುಕೊಳ್ಳುವ ಅದೇ ಸಿಂಬಿ. ಒತ್ತಿ ಒತ್ತಿ ಮರದ ಹಾಗೆ ಗಟ್ಟಿಯಾಗಿತ್ತು. ನಡುವೆ ಸ್ವಲ್ಪ ಎಡಕ್ಕೆ ತಗ್ಗಿತ್ತು. ಅಮ್ಮ ಅದನ್ನು ಮೂಗಿಗೆ ಹಿಡಿದು, "ಮೀನಿನ ವಾಸನೆಯೇ ಇಲ್ಲ" ಅಂತ ಅತ್ತರು. ನುಸಿಗುಳಿಗೆಯ ವಾಸನೆ ಮಾತ್ರ ಇತ್ತು.

ಟ್ರಂಕಿನಲ್ಲಿ ಹಳೇ ಮತದಾರರ ಗುರುತಿನ ಚೀಟಿಯೂ ಸಿಕ್ಕಿತು. 1-1-1995ಕ್ಕೆ ವಯಸ್ಸು 48 ಅಂತ ಅದರಲ್ಲಿತ್ತು. ಹಾಗಾದರೆ ಹುಟ್ಟಿದ್ದು 1947ರ ಹೊತ್ತಿಗೆ. ಆಧಾರಿನಲ್ಲಿ 1950. ಎರಡು ಕಾಗದ, ಎರಡು ವರ್ಷ. 1947 ಅಂತ ಹಿಡಿದರೂ ದೊಡ್ಡ ಮಾವ ಹುಟ್ಟಿದಾಗ ಅಮ್ಮಮ್ಮನಿಗೆ 14. ದೊಡ್ಡ ಮಾವನ ಶಾಲೆಯ ಸರ್ಟಿಫಿಕೇಟಿನಲ್ಲಿ 1961 ಅಂತ ಇರುವುದಂತೂ ನಿಜ. ತಾಳೆ ಆಗಲಿಲ್ಲ.

ನನ್ನ ಹಳೇ ಫೋನಿನಲ್ಲಿ ಅಮ್ಮಮ್ಮನ ದನಿ ಎಷ್ಟಿದೆ ಅಂತ ಹುಡುಕಿದೆ. ಆರೂವರೆ ವರ್ಷ ಒಂದೇ ಮನೆಯಲ್ಲಿದ್ದೆವು. ಸಿಕ್ಕಿದ್ದು ಮೂರು ತುಣುಕು. ಎರಡು ಯಾರದೋ ಹುಟ್ಟುಹಬ್ಬದ ವಿಡಿಯೋ, ಹಿಂದಿನಿಂದ ಅವರ ಕೆಮ್ಮು ಕೇಳುತ್ತದೆ. ಮೂರನೆಯದು 19 ಸೆಕೆಂಡಿನ ವಾಯ್ಸ್ ಮೆಸೇಜ್. ನಾನು ಬೆಂಗಳೂರಿಗೆ ಹೋಗಿದ್ದ ದಿನ ಅಮ್ಮನ ಫೋನಿನಿಂದ ಕಳಿಸಿದ್ದು. "ಮುಟ್ಟಿದ್ಯಾ ಮಗಾ? ಉಂಡ್ಯಾ?" ಅಂತ ಕೇಳಿ, ಉತ್ತರ ಬರುತ್ತದೆ ಅಂತ ಕಾಯುತ್ತಾರೆ. ಕುಕ್ಕರ್ ಒಂದು ಸಲ ಕೂಗುತ್ತದೆ. "ಇದ್ರಲ್ ಮಾತೇ ಇಲ್ಲೆ" ಅಂತ ಅಮ್ಮನಿಗೆ ಹೇಳುತ್ತಾರೆ. ಅಲ್ಲಿಗೆ ಮುಗಿಯುತ್ತದೆ. ಅದನ್ನು ಫೋನಿನಿಂದ ಕಂಪ್ಯೂಟರಿಗೆ, ಅಲ್ಲಿಂದ ಪೆನ್‌ಡ್ರೈವಿಗೆ, ಮೂರು ಕಡೆ ಹಾಕಿಟ್ಟಿದ್ದೇನೆ. ನಿಮ್ಮ ಮನೆಯಲ್ಲಿ ಅಜ್ಜಿ ಇದ್ದರೆ ದಯವಿಟ್ಟು ಅವರು ಮಾತಾಡುವುದನ್ನು ರೆಕಾರ್ಡ್ ಮಾಡಿಕೊಳ್ಳಿ. ಕ್ಯಾಮೆರಾ ಎದುರು ಕೂರಿಸಬೇಡಿ. ಸೊಪ್ಪು ಬಿಡಿಸುವಾಗ ಫೋನ್ ಪಕ್ಕದಲ್ಲಿ ಇಡಿ, ಸಾಕು.

ಇಲ್ಲಿ ಅವರು ಕಳೆದ ದಿನಗಳನ್ನೂ ಬರೆಯಬೇಕಿತ್ತು. ಅದಕ್ಕೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಅವರಿಗೆ ಈ ಊರಿನ ಚಳಿ ಆಗುತ್ತಿರಲಿಲ್ಲ. ಸೀರೆ ಮೇಲೆ ಅಪ್ಪನ ಸ್ವೆಟರ್, ಕಿವಿಗೆ ಮಫ್ಲರ್. ಆದರೂ ಮೀನಿನವನ ಹಾರ್ನ್ ಕೇಳಿದರೆ ಗೇಟಿನ ಹತ್ತಿರ ಮೊದಲು ನಿಲ್ಲುತ್ತಿದ್ದವರು ಅವರೇ. ಬಂಗುಡೆಯ ಕಿವಿರು ಎತ್ತಿ ನೋಡುವರು. ಕೆಂಪಗಿದ್ದರೆ ಬಾಯಿ ಮುಚ್ಚಿಕೊಂಡು ಆರಿಸುವರು. ಮಾಸಿದ್ದರೆ, "ಇದು ಎಷ್ಟ್ ದಿನ ಐಸಲ್ ಮಲ್ಗಿತ್?" ಅಂತ ಕೇಳುವರು. ಸ್ವಲ್ಪ ದಿನದಲ್ಲಿ ಆ ಹುಡುಗ ನಮ್ಮ ಮನೆಗೆ ಅಂತ ಬೇರೆ ಕವರಿನಲ್ಲಿ ಒಳ್ಳೆಯ ಮೀನು ಎತ್ತಿಟ್ಟು ತರತೊಡಗಿದ. ಅವರು ತೀರಿಕೊಂಡ ಮೇಲೆ ಅವನು ಬಂದು ಗೇಟಿನ ಹೊರಗೆ ಚಪ್ಪಲಿ ಬಿಟ್ಟು, ಅವರ ಫೋಟೋ ಎದುರು ಕೈ ಮುಗಿದು ಹೋದ.

ನೂಲ ಹುಣ್ಣಿಮೆಯ ದಿನ ಕರಾವಳಿಯಲ್ಲಿ ಕಡಲಿಗೆ ಹಾಲು, ತೆಂಗಿನಕಾಯಿ ಬಿಡುತ್ತಾರೆ. ಇಲ್ಲಿಗೆ ಬಂದ ಮೊದಲ ವರ್ಷ ಅಮ್ಮಮ್ಮನಿಗೆ ಅದನ್ನು ಎಲ್ಲಿ ಬಿಡುವುದು ಅನ್ನುವ ಚಿಂತೆ. ಹಿರೇಕೊಳಲೆ ಕೆರೆಗೆ ಕರೆದುಕೊಂಡು ಹೋದೆ. ದಂಡೆಯಲ್ಲಿ ನಿಂತು ಕೇಳಿದರು, "ಈ ನೀರ್ ನಮ್ ಕಡಲಿಗೆ ಹೋತ್ತಾ ಮಗಾ?" ನಾನು ಸುಳ್ಳು ಹೇಳಲಿಲ್ಲ. ಈ ಕಡೆಯ ನೀರೆಲ್ಲ ಪೂರ್ವಕ್ಕೆ ಹೋಗುತ್ತದೆ, ಯಗಚಿ ಹೇಮಾವತಿಗೆ ಸೇರಿ ಕಾವೇರಿಗೆ ಹೋಗುತ್ತದೆ, ಭದ್ರೆ ತುಂಗೆಯ ಜೊತೆ ಸೇರಿ ಕೃಷ್ಣೆಗೆ ಹೋಗುತ್ತದೆ, ಎರಡೂ ಕೊನೆಗೆ ಬಂಗಾಳ ಕೊಲ್ಲಿಗೆ ಅಂದೆ. ನಮ್ಮ ಜಿಲ್ಲೆಯಲ್ಲೇ ಕುದುರೆಮುಖದ ಕಡೆ ಹುಟ್ಟುವ ನೇತ್ರಾವತಿ ಮಾತ್ರ ಪಶ್ಚಿಮಕ್ಕೆ ಇಳಿದು ಮಂಗಳೂರಿನಲ್ಲಿ ನಿಮ್ಮ ಕಡಲು ಸೇರುತ್ತದೆ ಅಂದೆ. ಅವರು ಸ್ವಲ್ಪ ಯೋಚನೆ ಮಾಡಿ ಹಾಲಿನ ತಂಬಿಗೆಯ ಬಾಯಿ ಸೆರಗಿನಿಂದ ಮುಚ್ಚಿದರು. ಮನೆಗೆ ಬಂದು ದೊಡ್ಡ ಮಾವನಿಗೆ ಫೋನ್ ಮಾಡಿಸಿ, "ನನ್ ಹೆಸರಲ್ ಒಂದ್ ಕಾಯಿ ಬಿಡ್" ಅಂದರು. ಆ ಹಾಲಿನಲ್ಲಿ ಅವತ್ತು ಪಾಯಸ ಮಾಡಿದೆವು. ಆಮೇಲೆ ಪ್ರತಿ ವರ್ಷ ಫೋನ್ ಹೋಗುತ್ತಿತ್ತು.

ಮೀನು ಸಾರಿನ ಅಳತೆಯನ್ನೂ ಬರೆದುಕೊಂಡೆ. ಅಮ್ಮನಿಗೆ ಅದು ಕೈಯಲ್ಲಿ ಇದೆ, ಬಾಯಲ್ಲಿ ಇಲ್ಲ. "ಇಷ್ಟು" ಅನ್ನುತ್ತಾರೆ. ಹಾಗಾಗಿ ಅವರು ಹಿಡಿಯಲ್ಲಿ ತೆಗೆದದ್ದನ್ನೆಲ್ಲ ಕಡೆಯುವ ಮೊದಲು ನಾನು ತಟ್ಟೆಗೆ ಹಾಕಿಸಿಕೊಂಡು ತೂಗಿದೆ. ಮೂರು ಭಾನುವಾರ ತೂಗಿದೆ. ಮೆಣಸು ಪ್ರತಿ ಸಲವೂ ಎಣಿಸಿದ ಹಾಗೆ 16 ಬಂತು. ಹುಣಿಸೆಹಣ್ಣು ಮಾತ್ರ ಒಂದೊಂದು ಸಲ ಒಂದೊಂದು ತೂಕ. "ಅದು ಮೀನು ನೋಡಿಕೊಂಡು" ಅಂದರು ಅಮ್ಮ. ಹಾಗೇ ಬರೆದೆ.

ಅಕ್ಟೋಬರಿನಲ್ಲಿ ದಸರಾ ರಜೆಗೆ ಅಮ್ಮ, ನಾನು ಊರಿಗೆ ಹೊರಟೆವು. ಬಾಳೆಹೊನ್ನೂರು, ಶೃಂಗೇರಿ ದಾಟಿ ಆಗುಂಬೆ. ಸೂರ್ಯಾಸ್ತ ನೋಡುವ ಕಟ್ಟೆಯ ಹತ್ತಿರ ಅಮ್ಮ ಗಾಡಿ ನಿಲ್ಲಿಸು ಅಂದರು. 2017ರಲ್ಲಿ ಅಮ್ಮಮ್ಮನನ್ನು ಕರೆತಂದದ್ದೂ ಇದೇ ದಾರಿಯಲ್ಲಿ. 14 ತಿರುವು ಹತ್ತಿ ಮುಗಿಯುವಾಗ ಅವರಿಗೆ ವಾಂತಿ ಬಂದು ಸುಸ್ತಾಗಿತ್ತು. ಇಲ್ಲಿಂದ ಆಕಾಶ ತಿಳಿ ಇದ್ದರೆ ಕಡಲು ಕಾಣುತ್ತದೆ ಅಂತ ನಾನು ಹೇಳಿದ್ದೇ ತಡ, ನಮ್ಮಿಬ್ಬರ ಭುಜ ಹಿಡಿದು ಇಳಿದಿದ್ದರು. ದೂರದಲ್ಲಿ ತೆಳ್ಳಗೆ ಒಂದು ಹೊಳಪು ಇತ್ತು. ತುಂಬ ಹೊತ್ತು ನೋಡಿದರು. "ಅಷ್ಟೇಯಾ?" ಅಂದರು. ಕಡಲನ್ನು ಅವರು ಅಷ್ಟು ದೂರದಿಂದ, ಅಷ್ಟು ಸಣ್ಣದಾಗಿ ಅದೇ ಮೊದಲು ನೋಡಿದ್ದು. ಈ ಸಲ ನಾವು ನಿಂತಾಗ ಮಂಜು ತುಂಬಿತ್ತು. ಏನೂ ಕಾಣಲಿಲ್ಲ.

ಕೇರಿಯಲ್ಲಿ ನಾನು ನೋಡಬೇಕಾಗಿದ್ದದ್ದು ಅಮ್ಮಮ್ಮನ ಜೊತೆ ಬುಟ್ಟಿ ಹೊತ್ತವರನ್ನು. ಅವರಲ್ಲಿ ಉಳಿದವರು ಒಬ್ಬರೇ. ಅಮ್ಮ ಅವರನ್ನು ಚಿಕ್ಕಿ ಅಂತ ಕರೆಯುತ್ತಾರೆ, ನಾನೂ ಹಾಗೇ ಕರೆದೆ. ಜಗಲಿಯಲ್ಲಿ ಕೂತು ತೆಂಗಿನ ಗರಿಯಿಂದ ಹಿಡಿಕಡ್ಡಿ ಸೀಳುತ್ತಿದ್ದರು. ಕೈಯಲ್ಲಿ ಕೆಲಸ ಇರುವುದು ನೋಡಿ ನನಗೆ ಸಂತೋಷ ಆಯಿತು. ನಾನೂ ಒಂದು ಗರಿ ಎಳೆದುಕೊಂಡು ಕೂತೆ.

ಅವರು ಹೋಗುತ್ತಿದ್ದ ದಾರಿ ಕೇಳಿದೆ. ಬೆಳಗಿನ ಬಲೆ ದಡಕ್ಕೆ ಬರುತ್ತಲೇ ಬುಟ್ಟಿ ತುಂಬಿಕೊಂಡು, ಸೌಪರ್ಣಿಕೆಯನ್ನು ದೋಣಿಯಲ್ಲಿ ದಾಟಿ ಪಡುಕೋಣೆ, ನಾಡ ಕಡೆಗೆ. ಗದ್ದೆ ಅಂಚಿನಲ್ಲೇ ನಡಿಗೆ. ಮೀನಿನ ನೀರು ಕುತ್ತಿಗೆಯ ಮೇಲೆ ಇಳಿದು ಬೆನ್ನು ಒದ್ದೆ. ನಡುವೆ ಬುಟ್ಟಿ ಇಳಿಸುವ ಹಾಗಿಲ್ಲ. ಇಳಿಸಿದರೆ ಮತ್ತೆ ಎತ್ತಿ ಕೊಡಲು ಜನ ಬೇಕಲ್ಲ.

"ಅಮ್ಮಮ್ಮ ಬುಟ್ಟಿ ಹೊರಲು ಶುರು ಮಾಡಿದ್ದು ಯಾವಾಗ ಚಿಕ್ಕಿ?"

"ವರ್ಷ ಎಲ್ಲ ನಂಗೆಂತ ಗೊತ್ತು ಮಗಾ" ಅಂದರು. ಕಡ್ಡಿ ಸೀಳುತ್ತಲೇ ಇದ್ದರು. ಆಮೇಲೆ ತಾವಾಗಿಯೇ, "ನಯಾ ಪೈಸೆ ಬಪ್ಪು ಮುಂಚಿನ ಮಳೆಗಾಲ ಕಳ್ದ್ ಮೇಲೆ. ಅದ್ ನಂಗ್ ನೆನ್ಪಿತ್" ಅಂದರು.

ನನ್ನ ಎದೆ ಡವ ಡವ ಅಂದಿತು. ನಯಾ ಪೈಸೆ ಬಂದ ದಿನ ಯಾರನ್ನೂ ಕೇಳಬೇಕಾಗಿಲ್ಲ. 1957ರ ಏಪ್ರಿಲ್ 1. ಅದಕ್ಕೆ ಮೊದಲು ರೂಪಾಯಿಗೆ 16 ಆಣೆ. ಆಮೇಲೆ ರೂಪಾಯಿಗೆ 100 ನಯಾ ಪೈಸೆ. ಕೆಲವು ವರ್ಷ ಎರಡೂ ನಾಣ್ಯ ಒಟ್ಟಿಗೇ ಓಡಾಡಿದವು.

ಚಿಕ್ಕಿ ಹೇಳಿದ್ದನ್ನು ನಾನು ಬರೆದುಕೊಂಡದ್ದು ಹೀಗೆ. ಒಂದಾಣೆಗೆ 6 ಪೈಸೆ. ಎರಡಾಣೆಗೆ 12. ಮೂರಾಣೆಗೆ 19. ನಾಲ್ಕಾಣೆಗೆ 25. ಒಂದೊಂದಾಣೆಯ ಹಾಗೆ ನಾಲ್ಕು ಮನೆಗೆ ಮೀನು ಕೊಟ್ಟರೆ ಕೈಗೆ ಬರುವುದು 24 ಪೈಸೆ. ಅದೇ ಮೀನನ್ನು ಒಂದೇ ಮನೆಗೆ ನಾಲ್ಕಾಣೆಗೆ ಕೊಟ್ಟರೆ 25. ಒಂದು ಪೈಸೆ ಎಲ್ಲಿ ಹೋಯಿತು? ಬುಟ್ಟಿ ಹೊತ್ತ ಹೆಂಗಸರೆಲ್ಲ ದೋಣಿಯಲ್ಲಿ ಇದೇ ಮಾತಾಡಿಕೊಂಡರಂತೆ, ಯಾರೋ ಮೋಸ ಮಾಡುತ್ತಿದ್ದಾರೆ ಅಂತ. ಅಮ್ಮಮ್ಮ ಮಾತ್ರ ಎರಡು ದಿನ ಸುಮ್ಮನಿದ್ದು, ಮೂರನೇ ದಿನದಿಂದ ಆಣೆ ಲೆಕ್ಕದಲ್ಲಿ ಮೀನು ಕೊಡುವುದನ್ನೇ ನಿಲ್ಲಿಸಿದರು. ನಾಲ್ಕಾಣೆಯ ಪಾಲು ಮಾಡಿ ಇಡುವುದು. ಬೇಕಾದರೆ ಅಕ್ಕಪಕ್ಕದ ಮನೆಯವರು ಸೇರಿ ತೆಗೆದುಕೊಂಡು ಹಂಚಿಕೊಳ್ಳಲಿ. "ಆಗ ಅವಳಿನ್ನೂ ಸಣ್ಣ ಹೆಣ್ಣ್. ನಾವೆಲ್ಲ ಅವಳನ್ ಕಂಡ್ ಹಾಂಗೇ ಮಾಡಿದ್ದ್" ಅಂದರು ಚಿಕ್ಕಿ.

ಸಣ್ಣ ಹೆಣ್ಣು ಅಂದರೆ ಎಷ್ಟು ವರ್ಷ? ಚಿಕ್ಕಿ ಮೂರನೇ ಕ್ಲಾಸಿನವರೆಗೆ ಶಾಲೆಗೆ ಹೋದವರು. ಅವರ ಶಾಲೆಯ ದಾಖಲೆಯಲ್ಲಿ 1944 ಅಂತ ಇದೆ. ಪಿಂಚಣಿಗೆ ಅಂತ ಮಗ ತೆಗೆಸಿಟ್ಟಿದ್ದ ಪ್ರತಿಯನ್ನು ತೋರಿಸಿದರು. ಅಮ್ಮಮ್ಮ ಚಿಕ್ಕಿಗಿಂತ ಎರಡು ವರ್ಷ ದೊಡ್ಡವರು. ಅದು ಹೇಗೆ ಗೊತ್ತು ಅಂದರೆ, ಅಮ್ಮಮ್ಮ ಮೈನೆರೆದು ಎರಡು ಮಳೆಗಾಲ ಆದ ಮೇಲೆ ಚಿಕ್ಕಿ ಮೈನೆರೆದದ್ದು. ಇಬ್ಬರಿಗೂ ಅದೇ ಕೋಣೆ, ಅದೇ ಚಾಪೆ.

ಜಗಲಿಯಲ್ಲೇ ಲೆಕ್ಕ ಹಾಕಿದೆ. ಹುಟ್ಟಿದ್ದು 1942. ಬುಟ್ಟಿ ಹೊತ್ತದ್ದು 1956ರ ಮಳೆಗಾಲ ಕಳೆದು, 14ನೇ ವರ್ಷಕ್ಕೆ. ನಯಾ ಪೈಸೆ ಬಂದಾದ ಎರಡನೇ ವರ್ಷಕ್ಕೆ ಮದುವೆ ಅಂದರು ಚಿಕ್ಕಿ. ಆ ವರ್ಷ ಕರ್ಕಾಟಕ ಅಮಾವಾಸ್ಯೆಗೆ ಹೊಸ ಮದುಮಕ್ಕಳಾಗಿ ಮರವಂತೆಯ ಜಾತ್ರೆಗೆ ಹೋಗಿ, ಕಡಲಲ್ಲೂ ಹೊಳೆಯಲ್ಲೂ ಮಿಂದದ್ದು ಅವರಿಗೆ ನೆನಪಿದೆ. ಅಮ್ಮಮ್ಮನ ಹೊಸ ಸೀರೆ ತೆರೆಗೆ ಸಿಕ್ಕಿ, ಅಜ್ಜ ಹಿಡಿದು ಎಳೆದರಂತೆ. ಅದು 1959. ಮದುಮಗಳಿಗೆ 17. ದೊಡ್ಡ ಮಾವ 1961. ತಾಯಿಗೆ 19.

ತಾಳೆ ಆಯಿತು. ಅಮ್ಮ ಪಕ್ಕದಲ್ಲೇ ಇದ್ದರು. ನೋಟ್‌ಬುಕ್ ಅವರ ಕಡೆ ತಿರುಗಿಸಿದೆ. ಅವರು ಬೆರಳಿಟ್ಟು ಒಂದೊಂದೇ ವರ್ಷ ಓದಿದರು. ತೀರಿಕೊಂಡಾಗ ಅಮ್ಮಮ್ಮನಿಗೆ 82. ಎಂಟು ವರ್ಷ ಸಿಕ್ಕಿತು.

ಇನ್ನೊಂದು ವಿಷಯವೂ ಅವತ್ತು ಬಿಡಿಸಿಕೊಂಡಿತು. ಅಮ್ಮಮ್ಮ ಯಾವಾಗಲೂ ನಮ್ಮನ್ನು "ಮೈಸೂರ್ ಸೀಮೆಯವರು" ಅನ್ನುತ್ತಿದ್ದರು. ಚಿಕ್ಕಮಗಳೂರಿಗೂ ಮೈಸೂರಿಗೂ ಏನು ಸಂಬಂಧ ಅಂತ ನಾನು ಅಂದುಕೊಳ್ಳುತ್ತಿದ್ದೆ. ಅವರು ಹುಡುಗಿಯಾಗಿದ್ದಾಗ ಅವರ ಕೇರಿ ಮದ್ರಾಸಿಗೆ ಸೇರಿತ್ತು, ನಮ್ಮ ಊರು ಮೈಸೂರಿಗೆ. 1956ರ ನವೆಂಬರ್ 1ಕ್ಕೆ ಎರಡೂ ಒಂದೇ ರಾಜ್ಯ ಆದವು. 1973ರಲ್ಲಿ ಅದಕ್ಕೆ ಕರ್ನಾಟಕ ಅಂತ ಹೆಸರಾಯಿತು. 1997ರಲ್ಲಿ ಅವರ ಜಿಲ್ಲೆ ದಕ್ಷಿಣ ಕನ್ನಡ ಹೋಗಿ ಉಡುಪಿ ಆಯಿತು. ಆ ಮನೆ, ಆ ಹಿತ್ತಲ ಗೋಡೆ ಇದ್ದಲ್ಲೇ ಇದ್ದವು.

ಬಲೆಯ ಕಥೆಯನ್ನು ದೊಡ್ಡ ಮಾವ ಹೇಳಿದರು. ಅವರು ಅದನ್ನು ಹೇಳಿದ್ದು ಕಡಲ ತೀರದಲ್ಲಿ ನಿಂತು, ಕೈಯಿಂದ ಅಳತೆ ತೋರಿಸುತ್ತ. ರಂಪಣಿ ಅಂದರೆ ಒಬ್ಬಿಬ್ಬರ ಬಲೆ ಅಲ್ಲ. ದೋಣಿಯಲ್ಲಿ ತೆಗೆದುಕೊಂಡು ಹೋಗಿ ಅರ್ಧ ಚಂದ್ರನ ಹಾಗೆ ಬಿಟ್ಟು ಬರುವುದು. ಎರಡು ತುದಿಯ ಹಗ್ಗವನ್ನು ದಡದಿಂದ ಊರಿಗೆ ಊರೇ ಸೇರಿ ಎಳೆಯುವುದು. ಎಳೆದವರಿಗೆಲ್ಲ ಪಾಲು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆಯ ಬೋಟುಗಳು ಬಂದವು. ಬಂಗುಡೆ, ಬೈಗೆ (ಬೂತಾಯಿ) ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ಆಳದಲ್ಲಿ ಸುತ್ತಿ ಹಿಡಿಯತೊಡಗಿದರು. ಕೆಲವೇ ವರ್ಷದಲ್ಲಿ ರಂಪಣಿ ನಿಂತಿತು. ಕೊನೆಯ ಸಲ ಎಳೆದಾಗ ಬಲೆಯಲ್ಲಿ ಬಂದ ಮೀನು ಹಂಚಲು ಸಾಲಲಿಲ್ಲ. ಅಜ್ಜ ತಮ್ಮ ಪಾಲನ್ನು ಪಕ್ಕದ ಮನೆಯ ಬಾಣಂತಿಗೆ ಕೊಟ್ಟು, ಬರಿಗೈಯಲ್ಲಿ ಮನೆಗೆ ಬಂದರು. ಅಮ್ಮನಿಗೆ ಆಗ ಹತ್ತು-ಹನ್ನೊಂದು ವರ್ಷ. ತುಂಡು ಬಲೆಯನ್ನು ತೊಂಡೆ ಚಪ್ಪರಕ್ಕೆ ಕಟ್ಟಿದ್ದು ಅಮ್ಮನಿಗೆ ನೆನಪಿದೆ.

ಆಮೇಲೆ ಅಜ್ಜ ಮಲ್ಪೆಗೆ ಬೋಟಿನ ಕೆಲಸಕ್ಕೆ ಹೋದರು. ಅಮ್ಮಮ್ಮನಿಗೆ ಮನೆ ಎದುರು ಸಿಗುತ್ತಿದ್ದ ಮೀನು ತಪ್ಪಿತು. ಬೆಳಗಿನ ಜಾವ ಎದ್ದು ತ್ರಾಸಿಯ ಮೇಲೆ ಗಂಗೊಳ್ಳಿ ಬಂದರಿಗೆ ಹೋಗಿ, ಏಲಂ ಕೂಗಿ ಮೀನು ಹಿಡಿಯಬೇಕಾಯಿತು. ಮೂವತ್ತು ವರ್ಷ ಹಾಗೆ ಹೋದರು.

ಕ್ಯೂರಿಂಗ್ ವರ್ಕ್ಸಿನಲ್ಲಿ ಜನವರಿಯಿಂದ ಕೆಲಸ ಜಾಸ್ತಿ. ರಾತ್ರಿ ಊಟ ಆದ ಮೇಲೆ ದಿನಕ್ಕೆ ಅರ್ಧ ಪುಟ, ಒಂದು ಪುಟ ಬರೆದೆ. ಏಪ್ರಿಲಿನಲ್ಲಿ 46 ಪುಟ ಆಗಿ ಮುಗಿಯಿತು. 12 ಪ್ರತಿ ಜೆರಾಕ್ಸ್ ಮಾಡಿಸಿ, ಹೊಲಿಗೆ ಹಾಕಿಸಿದೆ. ಮರಣ ಪ್ರಮಾಣಪತ್ರದಲ್ಲಿ 74 ಹಾಗೇ ಇದೆ. ಅದನ್ನು ತಿದ್ದಿಸಲು ನಮ್ಮ ಹತ್ತಿರ ಕಾಗದ ಇಲ್ಲ, ಚಿಕ್ಕಿಯ ಮಾತು ಇದೆ. ಅಮ್ಮಮ್ಮನ ಫೋಟೋಕ್ಕೆ ಕಟ್ಟು ಹಾಕಿಸುವಾಗ ಕೆಳಗೆ 1942 – 2024 ಅಂತ ಬರೆಸಿದೆವು.

2025ರ ಜೂನಿನಲ್ಲಿ ವರ್ಷದ ಕಾರ್ಯ ಊರಿನ ಮನೆಯಲ್ಲೇ ಆಯಿತು. ಹೊರಗೆ ಮಳೆ. ದೋಣಿಗಳನ್ನೆಲ್ಲ ಮೇಲೆ ಎಳೆದು ಗರಿ ಹೊದಿಸಿದ್ದರು. ಊಟ ಮುಗಿದ ಮೇಲೆ ಜಗಲಿಯಲ್ಲಿ ಎಲ್ಲರೂ ಕೂತರು. ನಾನು ನೋಟ್‌ಬುಕ್ ಓದತೊಡಗಿದೆ. ನಯಾ ಪೈಸೆಯ ಭಾಗ ಬಂದಾಗ ಚಿಕ್ಕಿ ತಲೆ ಆಡಿಸಿದರು. ರಂಪಣಿಯ ಭಾಗ ಬಂದಾಗ ದೊಡ್ಡ ಮಾವ ಎದ್ದು ಹೋಗಿ ಮಳೆ ನೋಡುತ್ತ ನಿಂತರು. ಹಿತ್ತಲ ಗೋಡೆಯ ಪುಟ ಬಂತು. ಅಮ್ಮ ಬರೆದ 11 ಗುರುತನ್ನು ಎಲ್ಲರಿಗೂ ತೋರಿಸಿದೆ.

ಚಿಕ್ಕಿ ಪುಸ್ತಕ ಇಸಿದುಕೊಂಡು ಕಣ್ಣ ಹತ್ತಿರ ಹಿಡಿದು ನೋಡಿದರು. ನಾಯಿಯ ಚಿತ್ರದ ಮೇಲೆ ಬೆರಳಿಟ್ಟರು.

"ಇದ್ ಸರಿ ಇಲ್ಲೆ ಮಗಾ. ಆ ನಾಯಿಗೆ ಮೂರೇ ಕಾಲ್ ಇದ್ದದ್ದ್. ಅವಳ್ ಮೂರೇ ಬರೀತಿದ್ಳ್."

ಅಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡರು. "ಹೌದು, ಹೌದು. ಕುಂಟು ನಾಯಿ" ಅಂದರು.

ನಾನು ಪೆನ್ನು ತೆಗೆದೆ. 12 ಪ್ರತಿಯನ್ನೂ ಅಲ್ಲೇ ಜಗಲಿಯ ಮೇಲೆ ಹರಡಿಕೊಂಡು, ಒಂದೊಂದರಲ್ಲೂ ನಾಯಿಯ ಒಂದು ಕಾಲನ್ನು ಹೊಡೆದು ಹಾಕಿದೆ.